ಹೆಸರಿಲ್ಲದ ಅಜ್ಜಿ ಫೋಟೊ ಯಾಕೆ ಹಾಕಲ್ಲ?

ಓದುಗರ ಪತ್ರ: ಉತ್ತರ ಕನ್ನಡದ ಅಂಕೋಲಾ ಸಂತೆಯಲ್ಲಿ ತೆಗೆದ ಹಾಲಕ್ಕಿ ಸಮುದಾಯದ ಅಜ್ಜಿ ಫೋಟೊ ಕಳಿಸಿದ್ದೆ. ನೀವು ಹೆಸರು, ಊರು, ಕೆಲಸ ಏನು ಅಂತ ಕೇಳಿ ವಾಪಸ್ ಮಾಡಿದ್ರಿ. ಮುಖದ ಗೆರೆಗಳೇ ಎಲ್ಲಾ ಹೇಳ್ತಿವೆಯಲ್ಲ ಸಾರ್?

ಸಂಪಾದಕರ ಉತ್ತರ: ಫೋಟೊ ಚೆನ್ನಾಗಿದೆ ಮಾರಾಯ್ರೆ, ಎರಡು ಮಾತಿಲ್ಲ. ಆದ್ರೆ ಗೆರೆ ಎಲ್ಲಾ ಹೇಳುತ್ತೆ ಅನ್ನೋದನ್ನ ಒಪ್ಪಲ್ಲ. ವಯಸ್ಸಾಯ್ತು, ಬಿಸಿಲಲ್ಲಿ ದುಡಿದಿದಾರೆ, ಗೆರೆ ಹೇಳೋದು ಅಷ್ಟೇ.

ಅದೇ ಅಂಕೋಲಾ ತಾಲೂಕಿನ ಇಬ್ರು ಹಾಲಕ್ಕಿ ಅಜ್ಜಿಯರನ್ನ ನೋಡಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಹೊನ್ನಳ್ಳಿಯ ತುಳಸಿ ಗೌಡ. ಇಬ್ರಿಗೂ ಕುತ್ತಿಗೆ ತುಂಬಾ ಅದೇ ಮಣಿಸರ, ರವಿಕೆ ಇಲ್ದೆ ಭುಜದ ಮೇಲೆ ಕಟ್ಟಿ ಉಟ್ಟ ಅದೇ ಸೀರೆ, ದೂರದ ಊರೋರಿಗೆ ಬರೀ ಫೋಟೊ ತೋರಿಸಿದ್ರೆ ಯಾರು ಯಾರು ಅಂತ ಗೊತ್ತಾಗಲ್ಲ. ಸುಕ್ರಜ್ಜಿ ಹಾಡಿನ ಕಣಜ, ಊರಲ್ಲಿ ಸಾರಾಯಿ ವಿರುದ್ಧ ಹೋರಾಡಿದವರು, 2017ರಲ್ಲಿ ಪದ್ಮಶ್ರೀ ಬಂತು. ತುಳಸಜ್ಜಿ ಅರಣ್ಯ ಇಲಾಖೆ ನರ್ಸರಿಗೆ ದಿನಗೂಲಿಗೆ ಸೇರಿ ಯಾವ ತಾಯಿಮರದ ಬೀಜ ಯಾವಾಗ ಆರಿಸ್ಬೇಕು ಅನ್ನೋದನ್ನ ಅರೆದು ಕುಡಿದವರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡ ಫೋಟೊ ದೇಶವೆಲ್ಲ ಓಡಾಡ್ತು, ಎಷ್ಟೋ ಜನಕ್ಕೆ ಇವತ್ತಿಗೂ ಆ ಕಾಲಷ್ಟೇ ನೆನಪು, ಕೈ ಮಾಡಿದ ಕೆಲ್ಸ ನೆನಪಿಲ್ಲ. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರ್ಕೊಂಡ್ರು. ಪ್ರಶಸ್ತಿ ಬರದೇ ಇದ್ದಿದ್ರೆ ಇಬ್ರೂ ಯಾವುದೋ ಸ್ಪರ್ಧೆಯಲ್ಲಿ ‘ಬದುಕಿನ ಗೆರೆಗಳು’ ಅನ್ನೋ ಹೆಸರಲ್ಲಿ ಫಸ್ಟ್ ಪ್ರೈಜ್ ಹೊಡೀತಿದ್ರು, ಪ್ರೈಜೂ ಅವರಿಗಲ್ಲ ಬಿಡಿ.

ನಮ್ಮ ಮನೆಗಳಲ್ಲಾದ್ರೂ ಏನು ಭಾಗ್ಯ? ಅಜ್ಜಿ ಹೋದ ಮೇಲೆ ಫೋಟೊ ಹುಡುಕೋಕೆ ಶುರು, ಕೊನೆಗೆ ಯಾರದೋ ಮದುವೆ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿ ಹಾರ ಹಾಕ್ತಾರೆ, ಭುಜದ ಹತ್ರ ಪಕ್ಕದವರ ಜರಿ ಸೆರಗು ಹಾಗೇ ಉಳ್ಕೊಂಡಿರುತ್ತೆ.

ಅದಕ್ಕೇ ಮತ್ತೆ ಸಂತೆಗೆ ಹೋಗಿ. ಫೋನಲ್ಲಿ ತೋರಿಸೋದಲ್ಲ, ಪ್ರಿಂಟ್ ಹಾಕಿಸ್ಕೊಂಡು ಹೋಗಿ ಕೈಗೆ ಕೊಡಿ. ವ್ಯಾಪಾರದ ಹೊತ್ತಲ್ಲಿ ತಲೆ ತಿನ್ಬೇಡಿ, ಜನ ಕಮ್ಮಿಯಾದ ಮೇಲೆ ಕೂತು ತವರು ಯಾವ್ದು, ಏನೇನು ಬೆಳೀತಿದ್ರು, ಹಾಡು ಬರುತ್ತಾ ಅಂತ ಕೇಳಿ. ಪತ್ರಿಕೆಲಿ ಹಾಕ್ಬಹುದಾ ಅಂತಾನೂ ಕೇಳಿ, ಬೇಡ ಅಂದ್ರೆ ಬೇಡ. ಇನ್ನೊಂದು ಫೋಟೊ ತೆಗೆಯೋದಾದ್ರೆ ಹೇಗೆ ಕಾಣ್ಬೇಕು ಅನ್ನೋದು ಅವರಿಷ್ಟ. ಸುಮಾರು ಅಜ್ಜಿಯರು ತಲೆ ಬಾಚ್ಕೊಂಡು, ಒಳ್ಳೆ ಸೀರೆ ಉಟ್ಟು, ನಗದೆ ನೆಟ್ಟಗೆ ನಿಲ್ತಾರೆ, ಅದು ನ್ಯಾಚುರಲ್ ಅಲ್ಲ ಅಂತ ನಿಮ್ಮಂಥೋರಿಗೆ ಬೇಜಾರು, ಸ್ಟುಡಿಯೋ ಕಾಲದವರಿಗೆ ಅದೇ ಮರ್ಯಾದೆ. ಬ್ಯೂಟಿ ಮೋಡ್ ಆಫ್ ಮಾಡಿ. ಫೋನನ್ನ ಮುಖದ ಹತ್ರ ಹಿಡಿದ್ರೆ ಮೂಗು ದಪ್ಪ ಬರುತ್ತೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ, ಕೈಗಳೂ ಫ್ರೇಮಲ್ಲಿ ಬರ್ಲಿ.

ತಿಂಗಳ 20ರೊಳಗೆ ಹೆಸರು, ವಿವರ ಕಳಿಸಿದ್ರೆ ಮುಂದಿನ ಸಂಚಿಕೆಗೆ ತಗೋತೀನಿ. ಪೂರ್ತಿ ಪುಟ ಅಂತೂ ಆಗಲ್ಲ, ಜಾಹೀರಾತು ವಿಭಾಗದೋರು ಬಿಡಲ್ಲ.