ಗೆಳೆಯನ ಮೊದಲ ಸಿನಿಮಾ: ಅವನ ಅಮ್ಮನಿಗೆ ಹೇಳಲೋ ಬೇಡವೋ?

ಪ್ರಶ್ನೆ: ನಾನೂ ನನ್ನ ಗೆಳೆಯನೂ ಒಂದೇ ನಾಟಕ ತಂಡದಲ್ಲಿ ಬೆಳೆದವರು. ಅವನು ತೀರಿಕೊಂಡು ಕೆಲವು ವರ್ಷವಾಯಿತು. ಅವನು ನಟಿಸಿದ ಮೊದಲ ಸಿನಿಮಾ ಈಗ ಚಿತ್ರೋತ್ಸವವೊಂದರಲ್ಲಿ ಮತ್ತೆ ತೆರೆಗೆ ಬರುತ್ತಿದೆ. ಶೋಗೆ ಮುಂಚೆ ಅವನ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಊರಲ್ಲಿರುವ ಅವನ ಅಮ್ಮನಿಗೆ ಇದು ಗೊತ್ತಿಲ್ಲ. ಸಿನಿಮಾದ ಕೊನೆಯಲ್ಲಿ ಅವನ ಪಾತ್ರ ಸಾಯುತ್ತದೆ. ‘ಅಮ್ಮ ತಡ್ಕೊಳ್ಳಲ್ಲ, ಹೇಳ್ಬೇಡಿ ಅಣ್ಣ’ ಎನ್ನುತ್ತಾಳೆ ಅವನ ತಂಗಿ. ಹೇಳದೆ ಹೋಗಲು ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅಮ್ಮನಿಗೆ ಹೇಳಿ. ಬರುವುದು, ಬಿಡುವುದು ಅವರಿಗೆ ಬಿಟ್ಟಿದ್ದು.

ತಂಗಿಯ ಭಯ ನಿಜವಾದದ್ದು. ಅಮ್ಮ ರಾತ್ರಿ ಎದ್ದು ಕೂತು ಅತ್ತದ್ದನ್ನು ಅವರು ನೋಡಿರುತ್ತಾರೆ, ನೀವು ನೋಡಿರಲಿಕ್ಕಿಲ್ಲ. ಹಾಗಾಗಿ ಅವರನ್ನು ದಾಟಿ ನೇರ ಅಮ್ಮನಿಗೆ ಫೋನ್ ಮಾಡಬೇಡಿ. ಮೊದಲು ತಂಗಿಯ ಹತ್ತಿರ ಕೂತು ಮಾತಾಡಿ. ಶೋ ಮುಗಿದ ಮೇಲೆ ನೆಂಟರ ಬಾಯಿಂದಲೋ ಪೇಪರ್‌ನಲ್ಲಿ ಬಂದ ಫೋಟೊದಿಂದಲೋ ಅಮ್ಮನಿಗೆ ಗೊತ್ತಾದರೆ ಏನಾಗಬಹುದು? ‘ನನ್ನ ಮಗನನ್ನು ಎಲ್ಲರೂ ನೋಡಿದರು, ನನಗೊಬ್ಬಳಿಗೆ ಹೇಳಲಿಲ್ಲ’ ಎಂಬ ನೋವು ಆಮೇಲೆ ಹೋಗುವುದಿಲ್ಲ. ಇದನ್ನು ತಂಗಿಗೆ ಬಿಡಿಸಿ ಹೇಳಿ. ನಂತರ ಇಬ್ಬರೂ ಊರಿಗೆ ಹೋಗಿ, ಎದುರಿಗೆ ಕೂತು ಅಮ್ಮನಿಗೆ ತಿಳಿಸಿ.

ನಟಿ ಸ್ಮಿತಾ ಪಾಟೀಲ್ 1986ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಮಗ ಪ್ರತೀಕ್ ಹುಟ್ಟಿ ಎರಡು ವಾರ ಆಗಿತ್ತಷ್ಟೆ. ಅವರು ನಟಿಸಿದ್ದ 1976ರ ‘ಮಂಥನ್’ ಚಿತ್ರದ ಪ್ರತಿಯನ್ನು ಹೊಸದಾಗಿಸಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಆ ಮಗ ಅಲ್ಲಿದ್ದರು. ನೆನಪೇ ಇಲ್ಲದ ತಾಯಿಯನ್ನು ದೊಡ್ಡ ತೆರೆಯಲ್ಲಿ ನೋಡುವ ಅವಕಾಶ ಅದು. ಅದು ಬೇಡ ಎಂದು ಅವರ ಪರವಾಗಿ ಬೇರೆ ಯಾರಾದರೂ ತೀರ್ಮಾನ ಮಾಡಿದ್ದರೆ ಸರಿಯಾಗುತ್ತಿತ್ತಾ?

ಇನ್ನು ಆ ಕೊನೆಯ ದೃಶ್ಯ. ಅದನ್ನು ಮುಚ್ಚಿಡಲೇಬೇಡಿ. ‘ಕೊನೆಗೆ ಅವನ ಪಾತ್ರ ಸಾಯುತ್ತೆ ಅಮ್ಮ, ಬೇಕಿದ್ದರೆ ಅದಕ್ಕೆ ಮುಂಚೆ ಎದ್ದು ಬರೋಣ’ ಎಂದು ಮೊದಲೇ ಹೇಳಿ. ಸಿನಿಮಾ ಮೊದಲ ಸಲ ಬಂದಾಗ ಅವರು ನೋಡಿದ್ದರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ನೋಡಿದ್ದರೆ ಆ ದೃಶ್ಯ ಅವರಿಗೆ ಗೊತ್ತೇ ಇದೆ. ಅವತ್ತು ಪಕ್ಕದಲ್ಲೇ ಕೂತಿದ್ದ ಮಗನ ತೋಳು ಹಿಡಿದುಕೊಂಡು ನೋಡಿರಬಹುದು. ಈ ಸಲ ಪಕ್ಕದಲ್ಲಿ ನೀವೋ ತಂಗಿಯೋ ಇರಬೇಕು. ಬಾಗಿಲ ಹತ್ತಿರದ ಸೀಟು ಕೇಳಿ, ಆಯೋಜಕರು ಖಂಡಿತ ಕೊಡುತ್ತಾರೆ. ಸಾಧ್ಯವಾದರೆ ನೀವೊಬ್ಬರೇ ಮೊದಲು ಒಂದು ಸಲ ಸಿನಿಮಾ ನೋಡಿಬಿಡಿ.

ಆಗ ಇನ್ನೊಂದನ್ನು ಗಮನಿಸಿ: ತೆರೆಯ ಮೇಲಿನ ದನಿ ಅವನದೇನಾ? ನಮ್ಮಲ್ಲಿ ಹೊಸಬರಿಗೆ ಬೇರೆಯವರು ಡಬ್ಬಿಂಗ್ ಮಾಡುವುದು ಇದೆ. ಪುನೀತ್ ರಾಜ್‌ಕುಮಾರ್ ಡಬ್ಬಿಂಗ್ ಮಾಡುವ ಮೊದಲೇ ಹೋದರು. 2022ರಲ್ಲಿ ‘ಜೇಮ್ಸ್’ ಬಂದಾಗ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಮುಂದಿನ ತಿಂಗಳು, ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿ ಸೇರಿಸಿದ ಪ್ರತಿಯೂ ಥಿಯೇಟರ್‌ಗೆ ಬಂತು. ಜನ ದನಿಗಾಗಿ ಅಷ್ಟು ಹಂಬಲಿಸುತ್ತಾರೆ. ಮಗನ ಮಾತು ಕೇಳಲು ಬಂದ ತಾಯಿಗೆ ಬೇರೆಯವರ ಗಂಟಲು ಕೇಳಿಸಿದರೆ, ಸಾವಿನ ದೃಶ್ಯಕ್ಕಿಂತ ಅದೇ ಜಾಸ್ತಿ ಚುಚ್ಚಬಹುದು. ಹಾಗಿದ್ದರೆ ಅದನ್ನೂ ಮೊದಲೇ ತಿಳಿಸಿ.

ವೇದಿಕೆಯ ಮೇಲೆ ಅವನ ಸಾವಿನ ಬಗ್ಗೆ ಒಂದು ಸಾಲು ಸಾಕು. ಅವನ ಕೆಲಸದ ಬಗ್ಗೆ ಮಾತಾಡಿ. ನಾಟಕದಲ್ಲಿ ಕೊನೆಯ ಸಾಲಿನವರೆಗೂ ಮುಟ್ಟುವಂತೆ ಮಾತಾಡಿ ರೂಢಿಯಾದವನಿಗೆ ಕ್ಯಾಮೆರಾ ಮುಂದೆ ದನಿ ತಗ್ಗಿಸುವುದು ಕಷ್ಟವಾಗಿತ್ತೇ? ರಿಹರ್ಸಲ್‌ನಲ್ಲಿ ಏನು ಹೇಳುತ್ತಿದ್ದ? ನಿಮಗೆ ಮಾತ್ರ ಗೊತ್ತಿರುವುದನ್ನು ಹೇಳಿ. ಶಂಕರ್ ನಾಗ್ 1990ರಲ್ಲಿ, 35ನೇ ವಯಸ್ಸಿಗೇ ಹೋದರು. ಅವರ ಮೊದಲ ಚಿತ್ರ, 1978ರ ‘ಒಂದಾನೊಂದು ಕಾಲದಲ್ಲಿ’ ನೋಡುವಾಗ ನಾವು ಅಪಘಾತವನ್ನು ನೋಡುವುದಿಲ್ಲ, ಕತ್ತಿ ಹಿಡಿದು ನಿಂತ ಒಬ್ಬ ಹೊಸ ನಟನನ್ನು ನೋಡುತ್ತೇವೆ. ನಿಮ್ಮ ಗೆಳೆಯನನ್ನೂ ಅಲ್ಲಿನ ಜನ ಹಾಗೇ ನೋಡಲಿ. ಮಾತಾಡುವಾಗ ಗಂಟಲು ಕಟ್ಟಿದರೆ ನಿಲ್ಲಿಸಿ, ಜನ ಕಾಯುತ್ತಾರೆ.

ಅಮ್ಮ ಬರಲ್ಲ ಅಂದರೆ ಒತ್ತಾಯ ಬೇಡ. ಆದರೆ ಒಂದು ಪ್ರತಿ ಸಿಗುತ್ತದೆಯೇ ಎಂದು ನಿರ್ದೇಶಕರನ್ನು ಕೇಳಿ, ತಂಗಿಯ ಕೈಗೆ ಕೊಟ್ಟಿಡಿ. ಮುಂದೆ ಎಂದಾದರೂ ಅವರೇ ಕೇಳಬಹುದು.