ಮೊದಲು ಆ ಸಂದೂಕವನ್ನು ನೆರಳಿಗೆ ಎತ್ತಿಡು

ತಮ್ಮಾ, ಯಾವ ವಾರ್ನಿಷ್ ಹಚ್ಚಲಿ ಎಂಬ ನಿನ್ನ ಪ್ರಶ್ನೆ ಆಮೇಲಾಯಿತು. ಅಜ್ಜಿಯ ಸಾಗವಾನಿ ಸಂದೂಕವನ್ನು ಸೋಡಾ ಪುಡಿ ಕಲಸಿದ ನೀರಿನಲ್ಲಿ ತಿಕ್ಕಿ ತೊಳೆದು, ಜಮಖಂಡಿಯ ಮೇ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲೆ ಒಣಹಾಕಿದ್ದೀಯಲ್ಲ, ಆ ಫೋಟೊ ನೋಡಿ ಎದೆ ಧಸಕ್ಕೆಂದಿತು.

ವಿಜಯಪುರದಲ್ಲಿ ನಾನೂ ಇದನ್ನೇ ಮಾಡಿದವನು. ಅವ್ವನಿಗೆ ಗುಳೇದಗುಡ್ಡದ ತವರಿನಿಂದ ಬಳುವಳಿಯಾಗಿ ಬಂದ ಪೆಟ್ಟಿಗೆ. ಬೆಳಿಗ್ಗೆ ಪೈಪು ಹಿಡಿದು ತೊಳೆದೆ, ಸಂಜೆಗೆ ಮುಚ್ಚಳ ದೋಣಿಯಂತೆ ಬಾಗಿತ್ತು. ಸೋಡಾಕ್ಕೆ ಮರ ಕಪ್ಪಿಟ್ಟಿತ್ತು. ಹಿಂದಿನ ಬಡಿಗೇರರು ಕಾಯಿಸಿ ಹಚ್ಚುತ್ತಿದ್ದ ಚರ್ಮದ ಅಂಟು ನೀರಿಗೆ ಮೆತ್ತಗಾಗಿ ಮೂಲೆಗಳೂ ಬಾಯಿಬಿಟ್ಟಿದ್ದವು. ಅಷ್ಟಕ್ಕೆ ಸುಮ್ಮನಿರದೆ ಬಾಗಿದ ಹಲಗೆಯ ಮೇಲೆ ಬೀಸುವ ಕಲ್ಲು ಹೇರಿದೆ. ಪಟ್ಟೆಂದು ಸೀಳಿತು. ಅವ್ವ ಅಡುಗೆಮನೆಯಿಂದ ಬಂದು ನೋಡಿ, ಒಂದು ಮಾತೂ ಆಡದೆ ಒಳಗೆ ಹೋದಳು.

ನಿನ್ನ ಮುಚ್ಚಳ ಬಾಗಿದೆ, ಸೀಳಿಲ್ಲ. ಬಿಜಾಗರಿ ಬಿಚ್ಚಿ ನೆರಳಿನಲ್ಲಿಡು. ತಗ್ಗಾದ ಮೈ ಹೆಚ್ಚು ಒಣಗಿದ ಮೈ. ಅದರ ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಹಗುರವಾದ ಭಾರವಿಟ್ಟು ದಿನಕ್ಕೆರಡು ಸಲ ನೋಡುತ್ತಿರು. ವಾರವೇ ಹಿಡಿಯಬಹುದು, ಅವಸರ ಮಾಡಬೇಡ. ಬೇಸಿಗೆಯ ಬಿರುಕಿಗೆ ಈಗಲೇ ಪುಟ್ಟಿ ತುಂಬಲೂ ಬೇಡ. ಮಳೆಗಾಲದಲ್ಲಿ ಮರ ಉಬ್ಬಿದಾಗ ಪುಟ್ಟಿ ಹಲಗೆಯನ್ನೇ ಒತ್ತುತ್ತದೆ. ಬೆಳಗಾವಿ, ಖಾನಾಪುರದ ಕಡೆಯವರಿಗಂತೂ ಈ ಮಾತು ಎರಡು ಪಟ್ಟು.

ಬಿಟ್ಟ ಮೂಲೆಗೆ ಫೆವಿಕಾಲ್ ಸುರಿಯುವ ಮುನ್ನ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆ. ಫೆವಿಕಾಲ್ ಒಳ್ಳೆಯದೇ, ಆದರೆ ಹಳೆಯ ಅಂಟಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ.

ಈಗ ಪಾಲಿಶ್. ಸೋಡಾ ತಾಗದ ಮೂಲೆಯಲ್ಲಿ ಸ್ಪಿರಿಟ್‌ನ ಒಂದು ಹನಿ ಹಾಕಿ ನೋಡು. ನಿಮಿಷದಲ್ಲಿ ಅಂಟಂಟಾದರೆ ಅದು ಅರಗಿನ (ಶೆಲ್ಯಾಕ್) ಪಾಲಿಶ್. ಹಾಗಿದ್ದರೆ ಉಳಿದದ್ದನ್ನು ಕೆರೆಯಬೇಡ, ಉಜ್ಜುಕಾಗದವನ್ನೂ ಮುಟ್ಟಬೇಡ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಚಕ್ಕೆಯನ್ನು ಹತ್ತಿಯುಂಡೆಯಿಂದ ತೆಳುವಾಗಿ ನಾಲ್ಕೈದು ಸಲ ಎಳೆ. ನನ್ನ ಪೆಟ್ಟಿಗೆಯ ಮಾನ ಕಾಪಾಡಿದ್ದು ಇದೊಂದೇ. ಪಾಲಿಯುರೆಥೇನ್ ವಾರ್ನಿಷ್ ಎಂದರೆ ನನಗೆ ಆಗುವುದಿಲ್ಲ, ಹಳೆಯ ಮರಕ್ಕೆ ಪ್ಲಾಸ್ಟಿಕ್ ಅಂಗಿ ತೊಡಿಸಿದಂತೆ. ಒಳಮೈಗೂ ಅರಗೇ ಸರಿ, ಹಳೆಯ ವಾಸನೆಯನ್ನೂ ತಡೆಯುತ್ತದೆ. ಮಳೆಯ ದಿನ ಮಾತ್ರ ಬೇಡ, ಬಿಳಿ ಮಂಜು ಹಿಡಿಯುತ್ತದೆ.

ಮೇಲಿನ ಉತ್ತರವೊಂದರಲ್ಲಿ ಯಾರೋ ಅಗಸೆ ಎಣ್ಣೆ ಹಚ್ಚು ಎಂದಿದ್ದಾರೆ. ಅಗಸಿ ನಮ್ಮ ಊಟದ ಚಟ್ನಿಪುಡಿಗೆ ಇರಲಿ, ಪೆಟ್ಟಿಗೆಯ ಒಳಗೆ ಬೇಡವೇ ಬೇಡ. ಮುಚ್ಚಿಟ್ಟಲ್ಲಿ ಕಮಟು ಉಳಿಯುತ್ತದೆ. ಹೊರಗೆ ಹಚ್ಚುವವರು ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು, ಪೀತಾಂಬರಿ ಎಲ್ಲ ಪಾತ್ರೆಗೆ ಸರಿ. ಹುಳಿ ಪಟ್ಟಿಯ ಅಡಿಗೆ ಇಳಿದರೆ ಹಸಿರು ಕಿಲುಬು ಏಳುತ್ತದೆ, ಮರದಲ್ಲಿ ಕಲೆ ನಿಲ್ಲುತ್ತದೆ. ಒಣ ಬಟ್ಟೆಯಿಂದ ಒರೆಸು, ಹೊಳೆಯದಿದ್ದರೆ ಹೊಳೆಯದಿರಲಿ.

ಇಳಕಲ್ ಸೀರೆ ಇಡುವುದಾದರೆ ಬರಿ ಹಲಗೆಗೆ ತಾಗಿಸದೆ ತೊಳೆದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತು. ಕರ್ಪೂರ ಮತ್ತು ನುಸಿಗುಳಿಗೆ ಒಟ್ಟಿಗೆ ಬೇಡ. ಎರಡೂ ಸೇರಿ ನೀರಾಗಿ ಸೆರಗಿಗೆ ಕಲೆ ಹತ್ತಿಸುತ್ತವೆ.

ಪೆಟ್ಟಿಗೆ ಮಗುಚಿ ತಳದ ಫೋಟೊ ಹಾಕು. ಸಾಗವಾನಿಯ ಕೆಚ್ಚಿಗೆ, ಅಂದರೆ ನಡುವಿನ ಗಟ್ಟಿ ಮರಕ್ಕೆ, ಹುಳು ಹಿಡಿಯುವುದು ಅಪರೂಪ, ಆದರೆ ತಳಕ್ಕೆ ಅಗ್ಗದ ಹಲಗೆ ಬಡಿದಿರುತ್ತಾರೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅರಗು ಹಚ್ಚುವುದನ್ನು ನಿಲ್ಲಿಸಿ ಇಲ್ಲಿಯೇ ಹೇಳು.