ಕಾಲೇಜಿನ ಹೆಸರೋ, ಮಗಳ ಒಲವೋ?

ಪ್ರಶ್ನೆ: ಸಿಇಟಿ ರ‍್ಯಾಂಕಿಗೆ ಮಗಳಿಗೆ ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಸಿಗಬಹುದು, ಅವಳು ಬಯಸುವ ಎಲೆಕ್ಟ್ರಾನಿಕ್ಸ್ ನಮ್ಮೂರಲ್ಲೇ ಇದೆ. ಯಾವುದನ್ನು ಮೊದಲು ನಮೂದಿಸಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಎಲೆಕ್ಟ್ರಾನಿಕ್ಸನ್ನೇ ಮೊದಲು ನಮೂದಿಸಿ. ಪರೀಕ್ಷಾ ಪ್ರಾಧಿಕಾರವು ನೀವು ಕೊಟ್ಟ ಆದ್ಯತೆಯ ಕ್ರಮದಲ್ಲೇ ಮೇಲಿನಿಂದ ಪರಿಶೀಲಿಸುತ್ತ ಬಂದು, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನು ಹಂಚುವುದರಿಂದ, ನೆಂಟರಿಷ್ಟರ ಮೆಚ್ಚುಗೆಗೆಂದು ಮೇಲೆ ಬರೆದ ಹೆಸರೇ ಕೈಗೆ ಬಂದೀತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸಂಯೋಜಿತವಾಗಿದ್ದೂ ಸ್ವಾಯತ್ತತೆ ಪಡೆಯದ ಕಾಲೇಜುಗಳಲ್ಲಿ ಒಂದು ವಿಭಾಗದ ಪಠ್ಯಕ್ರಮವೂ ಸೆಮಿಸ್ಟರ್ ಪ್ರಶ್ನೆಪತ್ರಿಕೆಯೂ ಎಲ್ಲೆಡೆ ಒಂದೇ. ಸ್ವಾಯತ್ತ ಕಾಲೇಜುಗಳು ಮಾತ್ರ ತಮ್ಮದನ್ನು ತಾವೇ ರೂಪಿಸಿಕೊಳ್ಳುತ್ತವೆ. ಹೆಸರಾಂತ ಕಾಲೇಜಿಗೆ ನೇಮಕಾತಿಗೆಂದು ಬರುವ ಕಂಪನಿಗಳು ಸಿವಿಲ್‌ನವರನ್ನೂ ಕರೆಯುತ್ತವೆಯೇ ಎಂದು ವಿಚಾರಿಸಿ. ಹಾಸನದ ಕಾಲೇಜಿಗೆ ಮಗಳೊಡನೆ ಹೋಗಿ, ಪ್ರಯೋಗಾಲಯದಲ್ಲಿ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣವಾದ ಆಸಿಲೋಸ್ಕೋಪ್ ಒಂದಕ್ಕೆ ಎಷ್ಟು ವಿದ್ಯಾರ್ಥಿಗಳು ಮುಗಿಬೀಳುತ್ತಾರೆಂದು ನೋಡಿ. ಅಲ್ಲಿನ ಮೂರನೇ ವರ್ಷದವರನ್ನು ಅವಳೇ ಮಾತನಾಡಿಸಲಿ.